ಕಿರುಬೆರಳಿನ ಮುಕ್ಕಾಲು ಕಿಲೋ

ತಕ್ಕಡಿಯತ್ತೆಯ ತೋಳಿಗಿಂತ ನಿಖರವಾದ ತಕ್ಕಡಿ ಈ ಭೂಮಂಡಲದಲ್ಲಿ ಇನ್ನೊಂದಿಲ್ಲ. ಇದು ಸ್ವತಃ ತಕ್ಕಡಿಯತ್ತೆಯೇ ಹೇಳಿದ ಮಾತು, ಆದ್ದರಿಂದ ಅನುಮಾನಪಡುವಂತಿಲ್ಲ. ಆಕಾಶದಿಂದ ಒಂದು ಮೋಡ ಕಿತ್ತು ಅವಳ ಕೈಗೆ ಕೊಟ್ಟರೆ, ಅದರಲ್ಲಿ ಎಷ್ಟು ಬಿಂದಿಗೆ ನೀರಿದೆ, ಬಿಂದಿಗೆ ತುಂಬಿದ ಮೇಲೆ ಎಷ್ಟು ಲೋಟ ಮಿಕ್ಕುತ್ತದೆ ಎಂದು ಹೇಳಿ ಮೋಡವನ್ನು ವಾಪಸು ಕಳಿಸುವ ಹೆಂಗಸು. ಮಕ್ಕಳ ಕೇಂದ್ರದಲ್ಲಿ ಮೂವತ್ತೊಂದು ವರ್ಷದಿಂದ ತೂಗುವುದೇ ಕೆಲಸ. ಬೀದಿಯಲ್ಲಿ ಯಾರಾದರೂ ಕೂಸನ್ನೆತ್ತಿಕೊಂಡು ಎದುರಾದರೆ ಸಾಕು, ಕಸಿದುಕೊಂಡು ಒಮ್ಮೆ ಕುಲುಕಿ, "ಏಳೂಕಾಲು. ಅದರಲ್ಲಿ ಕಾಲು ಕಿಲೋ ಒದ್ದೆ ಚಡ್ಡಿ," ಎನ್ನುವಳು. ಕೇಂದ್ರಕ್ಕೆ ಹೋಗಿ ತೂಗಿದರೆ ಏಳೂಕಾಲೇ. ಚಡ್ಡಿ ಬಿಚ್ಚಿ ತೂಗಿದರೆ ಏಳೇ.

"ಮೂವತ್ತೊಂದು ವರ್ಷ ಕಣ್ರೇ," ಎಂದು ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆಲ್ಲ ಸಾರುವಳು, "ನನ್ನ ಜೋಲಿಗೆ ಬಂದ ಒಂದು ಕೂಸನ್ನೂ ನಾನು ಕೆಳಗೆ ಜಾರೋಕೆ ಬಿಟ್ಟಿಲ್ಲ. ಒಂದನ್ನೂ!"

ಕೇಂದ್ರವೆಂದರೆ ಮೊದಲು ಟೈರಿನ ಅಂಗಡಿಯಾಗಿದ್ದ ಒಂದೇ ಕೋಣೆ. ಬಿಸಿಲೇರಿದರೆ ಗೋಡೆಗಳು ಇವತ್ತಿಗೂ ರಬ್ಬರಿನ ವಾಸನೆ ಬಿಡುತ್ತವೆ. ಹಿಂದೆ ಟೈರು ತೂಗುಹಾಕುತ್ತಿದ್ದ ತೊಲೆಯ ಕೊಕ್ಕೆಗೆ ಈಗ ಗಡಿಯಾರದಂಥ ದುಂಡು ಮುಖದ ತಕ್ಕಡಿ, ಅದರ ಕೆಳಗೆ ಕಾಲು ತೂರಿಸಲು ಎರಡು ತೂತಿರುವ ಬಟ್ಟೆಯ ಜೋಲಿ. ಮಗುವನ್ನು ಕೂರಿಸಿದರೆ ಮುಳ್ಳು ತೊನೆದಾಡುತ್ತದೆ, ಮಗು ಅರಚುತ್ತದೆ, ಎರಡೂ ಸುಮ್ಮನಾದ ಮೇಲೆ ತೂಕ ಸಿಗುತ್ತದೆ. ಎದುರು ಗೋಡೆಯ ಪಟದಲ್ಲಿ ಮೂರು ಬಣ್ಣದ ಪಟ್ಟೆ. ವಯಸ್ಸಿಗೆ ತಕ್ಕ ತೂಕವಿದ್ದರೆ ಹಸಿರು, ಕಡಿಮೆಯಿದ್ದರೆ ಹಳದಿ, ತೀರಾ ಕಡಿಮೆಯಾದರೆ ಕೆಂಪು. ಹಸಿರಿನ ಮಗುವಿಗೆ ಚಪ್ಪಾಳೆ. ಹಳದಿ ಮಗುವಿನ ತಾಯಿಗೆ ಬುದ್ಧಿವಾದ. ಕೆಂಪಿನ ಮಗುವಿಗೆ ಮಾತ್ರ ತಿಂಗಳಿಗೆ ಎಂಟು ಪೊಟ್ಟಣ ಪುಡಿ. ಕಾಳು, ಹಾಲಿನ ಪುಡಿ, ಸಕ್ಕರೆ ಎಲ್ಲ ಸೇರಿಸಿ ಅರೆದದ್ದು. ನೀರಿನಲ್ಲಿ ಕದಡಿ ಕುದಿಸಿದರೆ ಗಂಜಿ. ಚಪ್ಪಾಳೆಯನ್ನೂ ಬುದ್ಧಿವಾದವನ್ನೂ ಕುದಿಸಿ ನೋಡಿದವರಿದ್ದಾರೆ. ಗಟ್ಟಿಯಾಗಲಿಲ್ಲವಂತೆ.

ಅತ್ತೆಯ ಮನೆಯ ಮೇಲಿನ ಕೋಣೆಯಲ್ಲಿ ಇಸ್ತ್ರಿಯವಳ ಸಂಸಾರ. ಹೋಟೆಲಿನ ಲಾಂಡ್ರಿಯಲ್ಲಿ ಅವಳು ದಿನಕ್ಕೆ ಇಸ್ತ್ರಿ ಮಾಡುವ ಹಾಸಿಗೆ ಬಟ್ಟೆಗಳನ್ನು ಒಂದರ ಮುಂದೊಂದು ಹಾಸಿದರೆ ಚಂದ್ರನವರೆಗೆ ಹೋಗಿ ಬರಬಹುದು, ಒಂದು ಸುಕ್ಕೂ ಸಿಗದೆ. ಗಂಡ ಲಾರಿ ಹತ್ತಿ ಹೋದವನು. ವರ್ಷಕ್ಕೊಮ್ಮೆ ಫೋನು ಮಾಡುತ್ತಾನೆ, ಅದೂ ಬೇರೆ ಯಾರಿಗೋ ಒತ್ತುವಾಗ ಕೈತಪ್ಪಿ. ಮನೆಯಲ್ಲಿ ಉಳಿದವರು ಅವನ ತಾಯಿ, ಅಂದರೆ ಹಲ್ಲಿಲ್ಲದ ಅಜ್ಜಿ, ಶಾಲೆಗೆ ಹೋಗುವ ದೊಡ್ಡ ಮಗಳು, ಮತ್ತು ಸಾಸಿವೆ. ಸಾಸಿವೆ ಹುಟ್ಟಿದಾಗ ಅಷ್ಟೇ ಇದ್ದಳು. "ಇದನ್ನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ರೇ, ಕಳೆದುಹೋದೀತು," ಎಂದು ಅಜ್ಜಿ ಆಡಿದ ಮಾತಿನಿಂದ ಆ ಹೆಸರು ಅಂಟಿಕೊಂಡಿತ್ತು.

ಸಾಸಿವೆ ಮೊದಲ ಸಲ ಜೋಲಿಯಲ್ಲಿ ಕೂತಾಗಲೇ ಕೆಂಪು. ಐದು ತಿಂಗಳು ಪುಡಿಯ ಗಂಜಿ ಕುಡಿದಳು. ಕೆನ್ನೆ ಎಂಬ ಪದಾರ್ಥ ಮುಖದ ಮೇಲೆ ಕಾಣಿಸಿತು, ಕೂತಲ್ಲಿಂದ ಎದ್ದಳು, ಎದ್ದಲ್ಲಿಂದ ನಡೆದಳು, ನಡೆದು ಹೋಗಿ ಅಜ್ಜಿಯ ಕನ್ನಡಕ ಮುರಿದಳು. ತೂಕ ಹಳದಿಗೆ ಬಂತು. ತಕ್ಕಡಿಯತ್ತೆ ಊರಿಗೆ ಕೇಳುವಂತೆ ಕೂಗಿ ಹೇಳಿದಳು, ಸೇರಿದ ತಾಯಂದಿರು ಚಪ್ಪಾಳೆ ತಟ್ಟಿದರು. ಮಾರನೆಯ ತಿಂಗಳು ಪುಡಿ ನಿಂತಿತು.

"ಯಾಕತ್ತೆ, ಇವಳ ಪೊಟ್ಟಣ?" ಎಂದು ಇಸ್ತ್ರಿಯವಳು ಖಾಲಿ ಚೀಲ ಹಿಡಿದು ಕೇಳಿದಳು.

"ಇವಳು ಹಳದಿ ಆದಳಲ್ಲೇ ಹುಡುಗಿ. ಪುಡಿ ಕೆಂಪಿನೋರಿಗೆ."

"ಪುಡಿ ತಿಂದಿದ್ದಕ್ಕೆ ತಾನೇ ಹಳದಿ ಆಗಿದ್ದು?"

"ಹೌದು."

"ತಿನ್ನದೇ ಇದ್ರೆ?"

"ಕೆಂಪಾಗ್ತಾಳೆ. ಆಗ ಕೊಡ್ತಾರೆ."

ಇಸ್ತ್ರಿಯವಳು ಚೀಲವನ್ನು ನಾಲ್ಕು ಮಡಿಕೆ ಮಡಿಸಿದಳು, ಕೈಯ ಅಭ್ಯಾಸ. "ಏಣಿ ಹತ್ತಿಸಿ ಏಣಿ ಎಳ್ಕೊಳ್ಳೋದು ಅಂದ್ರೆ ಇದೇ ಇರಬೇಕು," ಎಂದು ಹೊರಟಳು.

ಎರಡೇ ತಿಂಗಳಲ್ಲಿ ಅತ್ತೆ ಹೇಳಿದಂತೆ ಸಾಸಿವೆ ಕೆಂಪಾದಳು. ಮತ್ತೆ ಪುಡಿ ಬಂತು. ಈ ನಡುವೆ ಅವಳು ನಡೆಯುವುದನ್ನು ಮರೆತಿದ್ದಳು. ಗೋಡೆ ಹಿಡಿದು ಕೂರುತ್ತಿದ್ದಳು. ಅದನ್ನು ನೋಡಿದ ದಿನ ತಕ್ಕಡಿಯತ್ತೆ ನಲ್ಲಿಯ ಮುಂದೆ ಏನನ್ನೂ ಸಾರಲಿಲ್ಲ. ಮುಂದಿನ ಸಲ ಮುಳ್ಳು ಮೇಲಕ್ಕೆ ಹೊರಟಾಗ, ಎಡಗೈಯಿಂದ ಮಗುವನ್ನು ಸಮಾಧಾನ ಮಾಡುವವಳಂತೆ ಬಗ್ಗಿ, ಬಲಗೈಯ ಕಿರುಬೆರಳನ್ನು ಜೋಲಿಯ ಅಂಚಿನ ಕೆಳಗೆ ಆನಿಸಿದಳು. ಮುಳ್ಳು ಕಾಲು ಕಿಲೋ ಹಿಂದೆ ಸರಿದು ಕೆಂಪಿನ ತೂಕಕ್ಕೇ ನಿಂತಿತು. ಪುಡಿ ನಿಲ್ಲಲಿಲ್ಲ.

ಮಗು ಬೆಳೆದಂತೆ ಬೆರಳಿನ ಕೆಲಸವೂ ಬೆಳೆಯಿತು. ಕಾಲು ಕಿಲೋ ಅರ್ಧವಾಯಿತು, ಅರ್ಧ ಮುಕ್ಕಾಲಾಯಿತು. ಸಾಸಿವೆಯ ನಿಜವಾದ ತೂಕ ಒಂಬತ್ತೂಕಾಲು ತಲುಪಿದಾಗ ಪುಸ್ತಕದಲ್ಲಿ ಎಂಟೂವರೆ. ಬೇರೆ ಯಾರ ಬೆರಳಾಗಿದ್ದರೂ ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ ಎತ್ತಿ ಸಿಕ್ಕಿಬೀಳುತ್ತಿತ್ತು. ಅತ್ತೆಯ ಬೆರಳು ಮುಕ್ಕಾಲು ಎಂದರೆ ಮುಕ್ಕಾಲೇ, ಒಂದು ಅಕ್ಕಿಕಾಳೂ ಆಚೀಚೆ ಇಲ್ಲ. ಒಂದು ಮಗುವಿಗೆ ಮಾಡಿದ್ದನ್ನು ಪಕ್ಕದ ಮಗುವಿಗೆ ಮಾಡದಿರುವುದು ಹೇಗೆ? ವರ್ಷ ತಿರುಗುವುದರೊಳಗೆ ಇಪ್ಪತ್ತಮೂರು ಮಕ್ಕಳು ಆ ಕಿರುಬೆರಳಿನ ಮೇಲೆ ಕೂತಿದ್ದರು. ಪುರಾಣದಲ್ಲಿ ಬೆರಳ ಮೇಲೆ ಬೆಟ್ಟ ಎತ್ತಿದವರಿದ್ದಾರೆ. ಬೆಟ್ಟ ಅರಚುವುದಿಲ್ಲ, ಮೈಮೇಲೆ ಉಚ್ಚೆ ಹೊಯ್ಯುವುದಿಲ್ಲ.

ಆ ಪುಡಿ ಒಬ್ಬಳ ಹೊಟ್ಟೆಗೇ ಹೋಗುತ್ತಿತ್ತು ಎಂದುಕೊಳ್ಳಬಾರದು. ಒಂದು ಬೆಳಿಗ್ಗೆ ಅತ್ತೆ ಮೇಲಿನ ಕೋಣೆಗೆ ಹೋದಾಗ ಒಲೆಯ ಮೇಲೆ ದೊಡ್ಡ ಪಾತ್ರೆ. ಸಾಸಿವೆಯ ಒಂದು ಪೊಟ್ಟಣಕ್ಕೆ ನಾಲ್ಕು ಜನರ ನೀರು.

"ಇದು ಮಗೂಗೆ ಕೊಟ್ಟಿದ್ದು, ಮನೆತನಕ್ಕಲ್ಲ," ಎಂದು ಅತ್ತೆ ಗದರಿದಳು.

"ಮಗೂಗೆ ಒಂದು ಹೊಟ್ಟೆ, ಮನೇಲಿ ನಾಲ್ಕು," ಎಂದಳು ಇಸ್ತ್ರಿಯವಳು, ಸೌಟು ನಿಲ್ಲಿಸದೆ. "ಮೊದಲ ಗಟ್ಟಿ ಅವಳಿಗೇ ಕೊಡ್ತೀನತ್ತೆ. ನಿಮ್ಮಾಣೆ."

ಅಜ್ಜಿ ಮೂಲೆಯಿಂದ, "ನನಗೆ ಸೌಟು ನೆಕ್ಕೋಕೆ ಕೊಡ್ತಾಳೆ ಕಣೇ ತಕ್ಕಡಿ. ಹಲ್ಲಿಲ್ಲದೋಳಿಗೆ ಅದೇ ಹಬ್ಬ," ಎಂದಳು.

ಅತ್ತೆ ನಕ್ಕು ಇಳಿದು ಬಂದಳು. ಲಾಂಡ್ರಿಯ ಸಂಬಳ ಕಟ್ಟಡದ ಮಾಲೀಕನ ಬಾಡಿಗೆಗೆ ಹೋಗುತ್ತಿತ್ತು, ದೊಡ್ಡವಳು ಮಧ್ಯಾಹ್ನ ಶಾಲೆಯಲ್ಲಿ ಉಣ್ಣುತ್ತಿದ್ದಳು, ಮಿಕ್ಕ ಹೊತ್ತಿನ ಆಧಾರವೆಲ್ಲ ಆ ಪಟದ ಮೇಲಿನ ಕೆಂಪು ಬಣ್ಣ. ಬೇರೆಯವರ ಮನೆಗೆ ಕಂಬ ಇರುತ್ತದೆ. ಇವರ ಮನೆಗೆ ಬಣ್ಣ.

ಹೀಗಿರುವಾಗ ತಪಾಸಣೆಯ ಮೇಡಂ ಬಂದಳು. ಒಳ್ಳೆಯ ಹುಡುಗಿ. ಮಕ್ಕಳನ್ನು ಕಂಡರೆ ಬ್ಯಾಗಿನಿಂದ ಬಿಸ್ಕತ್ತು ತೆಗೆಯುವವಳು, ಅತ್ತೆಯನ್ನು ಬಹುವಚನದಲ್ಲೇ ಮಾತಾಡಿಸುವವಳು. ಅವಳು ಮೊಬೈಲಿನ ಪರದೆ ತಿರುಗಿಸಿ ತೋರಿಸಿದಳು. ಬೇರೆ ಕೇಂದ್ರಗಳ ಗೆರೆಗಳು ಕುಣಿಯುತ್ತಿದ್ದವು, ಏರಿ ಇಳಿದು ಏರಿ. ಈ ಕೇಂದ್ರದ ಗೆರೆ ಇಸ್ತ್ರಿಯವಳು ಕೈಯಾರೆ ತೀಡಿದಂತೆ ಚಪ್ಪಟೆ.

"ನೋಡಿ ಅತ್ತೆ. ಒಂದು ವರ್ಷ ಪುಡಿ ಕೊಟ್ಟಿದೀವಿ. ಇಪ್ಪತ್ತಮೂರು ಮಕ್ಕಳಲ್ಲಿ ಒಂದೂ ಕೆಂಪು ದಾಟಿಲ್ಲ. ಅಂದ್ರೆ ಇಲ್ಲಿ ಪುಡಿ ಕೆಲಸ ಮಾಡ್ತಿಲ್ಲ ಅಂತ ಮೇಲಿನವರು ತೀರ್ಮಾನ ಮಾಡಿದಾರೆ. ಬರೋ ತಿಂಗಳಿಂದ ಇಲ್ಲಿನ ಪಾಲು ಬೇರೆ ಕಡೆಗೆ. ಇಲ್ಲಿ ತಾಯಂದಿರಿಗೆ ತಿಳಿವಳಿಕೆ ತರಗತಿ ನಡೆಸಬೇಕಂತೆ, ಕೈ ತೊಳೆಯೋದು ಹೇಗೆ, ಸಮತೋಲನ ಆಹಾರ ಅಂದ್ರೇನು..."

ಪುಡಿ ಉಳಿಯಲೆಂದು ಹೇಳಿದ ಸುಳ್ಳೇ, ಪುಡಿಯಿಂದ ಏನೂ ಆಗುವುದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ನಿಂತಿತ್ತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅತ್ತೆ ಕೋಣೆಯ ಬಾಗಿಲು ಹಾಕಿ, ಆಡುತ್ತಿದ್ದ ಸಾಸಿವೆಯನ್ನು ಎತ್ತಿ ತಂದು ಜೋಲಿಯಲ್ಲಿ ಕೂರಿಸಿದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ನೋಡಿ ಮೇಡಂ."

ಮುಳ್ಳು ಒಂಬತ್ತೂಕಾಲಿಗೆ ನಿಂತಿತು. ಮೇಡಂ ಪುಸ್ತಕ ನೋಡಿದಳು, ಮುಳ್ಳು ನೋಡಿದಳು, ಅತ್ತೆಯ ಮುಖ ನೋಡಿದಳು.

"ಪುಡಿ ಕೆಲಸ ಮಾಡಿದೆ," ಎಂದಳು ಅತ್ತೆ. "ಕೆಡಿಸಿದ್ದು ನನ್ನ ಬೆರಳು."

"ಒಂದು ವರ್ಷ ಸುಳ್ಳು ಬರೆದ್ರಾ?"

"ಮೊದಲು ನಿಜಾನೇ ಬರೆದಿದ್ದೆ ಮೇಡಂ. ನಿಜಕ್ಕೆ ಊಟ ನಿಲ್ಲಿಸಿದ್ರಿ."

ಮೇಡಂ ಬೆಂಚಿನ ಮೇಲೆ ಕೂತಳು. ಸಾಸಿವೆ ಜೋಲಿಯಲ್ಲೇ ಕಾಲಾಡಿಸುತ್ತಾ ಬಿಸ್ಕತ್ತಿಗೆ ಕೈ ಚಾಚಿದಳು.

"ಇದು ನಿಜವಾದ್ರೆ ಮಗು ಹಳದಿ. ಹಳದಿಗೆ ಪುಡಿ ಇಲ್ಲ," ಎಂದಳು ಮೇಡಂ. "ಪುಸ್ತಕ ನಿಜವಾದ್ರೆ ಪುಡಿ ದಂಡ. ಆಗಲೂ ಪುಡಿ ಇಲ್ಲ. ನಾನೇನು ಮಾಡಲಿ ಹೇಳಿ?"

"ನೀವು ಓದಿದೋರು. ನಡುವೆ ಇನ್ನೊಂದು ಬಣ್ಣ ಇಲ್ವಾ?"

"ಇಲ್ಲ ಅತ್ತೆ." ಅವಳು ದನಿ ತಗ್ಗಿಸಿದಳು. "ನಾನು ಇದನ್ನ ನೋಡಿಲ್ಲ. ನಿಮಗೆ ಪಿಂಚಣಿಗೆ ಏಳು ತಿಂಗಳು ಉಳಿದಿದೆ. ಈಗ ಒಂದೇ ಸಲ ಎಲ್ಲರ ತೂಕ ಏರಿಸಿ ಬರೆದ್ರೆ ಮೇಲಿನವರು ಹಿಡೀತಾರೆ, ಇಬ್ಬರೂ ಹೋಗ್ತೀವಿ. ತಿಂಗಳಿಗೆ ಇಷ್ಟಿಷ್ಟೇ ಬೆರಳು ಸಡಿಲ ಮಾಡಿ. ನಾಲ್ಕು ತಿಂಗಳಲ್ಲಿ ಪುಸ್ತಕ ನಿಜಕ್ಕೆ ಬರುತ್ತೆ. ಯಾರಿಗೂ ಗೊತ್ತಾಗಲ್ಲ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಲೋಕದಲ್ಲಿ ಕೆಟ್ಟ ಮನಸ್ಸಿನಿಂದ ಆದ ಹಾನಿಯನ್ನು ಒಂದು ಬಂಡಿಗೆ ತುಂಬಬಹುದು. ಒಳ್ಳೆಯ ಮನಸ್ಸಿನಿಂದ ಆದದ್ದಕ್ಕೆ ರೈಲೇ ಬೇಕು.

ಪುಡಿ ನಿಂತಿತು. ಮೊದಲ ತಿಂಗಳು ಮೇಲಿನ ಕೋಣೆಯ ಗಂಜಿ ತೆಳುವಾಯಿತು, ಎರಡನೆಯ ತಿಂಗಳು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಾಗಿತ್ತು. ಇಸ್ತ್ರಿಯವಳು ಎರಡು ಪಾಳಿ ಹಿಡಿದಳು. ಮನೆಗೆ ಬರುವಾಗ ಕಣ್ಣು ಇಸ್ತ್ರಿಪೆಟ್ಟಿಗೆಯಂತೆ ಕಾದಿರುತ್ತಿತ್ತು. ದೊಡ್ಡವಳು ಶಾಲೆಯ ಊಟದಲ್ಲಿ ಅರ್ಧ ಬ್ರೆಡ್ಡನ್ನು ಪುಸ್ತಕದ ನಡುವೆ ಅದುಮಿ ತರುತ್ತಿದ್ದಳು; ಭೂಗೋಳದ ಹಾಳೆಗಳೆಲ್ಲ ಎಣ್ಣೆಯಾಗಿ ಒಂದು ಖಂಡ ಇನ್ನೊಂದರ ಮೇಲೆ ಕಾಣಿಸತೊಡಗಿತು. ಶಾಲೆಗೆ ರಜೆ ಬಂದಾಗ ಆ ಬ್ರೆಡ್ಡೂ ಇಲ್ಲ. ಅಜ್ಜಿ, "ನನಗೆ ಹಸಿವೇ ಆಗಲ್ಲ ಕಣೇ, ಈ ವಯಸ್ಸಲ್ಲಿ ಹೊಟ್ಟೆ ಮಲಗಿಬಿಡುತ್ತೆ," ಎಂದು ಗೋಡೆಗೆ ತಿರುಗಿ ಮಲಗುತ್ತಿದ್ದಳು. ಮಲಗಿದ ಹೊಟ್ಟೆಯ ಸದ್ದು ಕೆಳಗಿನ ಮನೆಯ ಅತ್ತೆಗೆ ಕೇಳಿಸುತ್ತಿತ್ತು.

ಅತ್ತೆ ತನ್ನ ತಟ್ಟೆಯಿಂದ ಒಂದಷ್ಟು ಮೇಲಕ್ಕೆ ಕಳಿಸುತ್ತಿದ್ದಳು. ಅದು ಎಷ್ಟು? ಅವಳ ಬೀದಿಯಲ್ಲಿ ಪುಡಿ ನಿಂತ ಇಪ್ಪತ್ತಮೂರು ಮನೆಗಳಿದ್ದವು, ಅವಳಿಗೆ ಒಂದು ತಟ್ಟೆ.

ತೂಕದ ದಿನ ಬಂದಾಗಲೆಲ್ಲ ಅವಳು ಮೇಡಂ ಹೇಳಿದಂತೆ ಬೆರಳು ಸಡಿಲಿಸಿದಳು. ಮೊದಲ ತಿಂಗಳು ಮುಕ್ಕಾಲಿನ ಬದಲು ಅರ್ಧವೇ ಎತ್ತಿದಳು. ಪುಸ್ತಕ ಎಂಟೂಮುಕ್ಕಾಲಿಗೆ ಏರಬೇಕಿತ್ತು. ಮುಳ್ಳು ಎಂಟೂವರೆಗೇ ನಿಂತಿತು. ಎರಡನೆಯ ತಿಂಗಳು ಕಾಲು ಕಿಲೋ ಮಾತ್ರ ಎತ್ತಿದಳು, ಎಂಟೂವರೆ. ಮೂರನೆಯ ತಿಂಗಳು ಬೆರಳು ಸುಮ್ಮನೆ ತಾಗಿಸಿದ್ದಳಷ್ಟೇ. ಎಂಟೂವರೆಗಿಂತ ಒಂದು ಕೂದಲು ಮೇಲೆ. ನಾಲ್ಕನೆಯ ತಿಂಗಳು ಸಾಸಿವೆಗೆ ಒಂದು ವಾರದಿಂದ ಹೊಟ್ಟೆ ಕೆಟ್ಟಿತ್ತು. ಅತ್ತೆ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಳು. ಮಗು ಅರಚಲಿಲ್ಲ. ಮುಳ್ಳು ತೊನೆದಾಡದೆ, ನೇರವಾಗಿ ಹೋಗಿ ಎಂಟೂವರೆಯ ಮೇಲೆ ಕೂತಿತು.

ಒಂದು ವರ್ಷದಿಂದ ಬರೆದ ಸುಳ್ಳು ನಾಲ್ಕು ತಿಂಗಳಲ್ಲಿ ನಿಜವಾಗಿತ್ತು. ಪುಸ್ತಕ ನಿಜಕ್ಕೆ ಬರಲಿಲ್ಲ, ಮಗುವೇ ಪುಸ್ತಕಕ್ಕೆ ಬಂತು.

ಸಂಖ್ಯೆಯನ್ನು ಅತ್ತೆ ಕೇಂದ್ರದ ಮೊಬೈಲಿಗೆ ಒತ್ತಿದಳು. ತೂಕ ಇಳಿಯುತ್ತಿರುವ ಮಗುವಾದರೆ ಮೊಬೈಲೇ ಕೂಗಿಕೊಂಡು ಆಸ್ಪತ್ರೆಗೆ ಚೀಟಿ ಕೊಡುತ್ತದೆ. ಈಗ ಅದು ಹಳೆಯ ಎಂಟೂವರೆಗಳ ಪಕ್ಕ ಹೊಸ ಎಂಟೂವರೆಯನ್ನು ಇಟ್ಟು ನೋಡಿ, 'ಸ್ಥಿರ' ಎಂದು ತೋರಿಸಿ ಸುಮ್ಮನಾಯಿತು.

"ಏನಂತತ್ತೆ ಅದು?" ಎಂದಳು ಇಸ್ತ್ರಿಯವಳು.

ಅತ್ತೆ ಜೋಲಿಯಿಂದ ಮಗುವನ್ನು ಬಿಡಿಸಿ ತೋಳಿಗೆ ಹಾಕಿಕೊಂಡಳು. ಮೂವತ್ತೊಂದು ವರ್ಷದ ತೋಳು. ಏನು ಹೇಳಬೇಕೋ ಅದು ಹೇಳಿತು. "ನಡಿ," ಎಂದಳು. "ಚಪ್ಪಲಿ ಹುಡುಕಬೇಡ, ನಡಿ."

ಆಸ್ಪತ್ರೆಯ ಮಕ್ಕಳ ವಾರ್ಡಿನ ಮುಂದೆ ಬೆಳಿಗ್ಗೆಯಿಂದಲೇ ಸಾಲು. ಡಾಕ್ಟರು ಚಿಕ್ಕ ವಯಸ್ಸಿನವನು. ನಿದ್ದೆಗೆಟ್ಟ ಮುಖ, ಶರ್ಟಿನ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. ಸಾಸಿವೆಯ ಕಣ್ಣೆವೆ ಎತ್ತಿ ನೋಡಿದ, ಹೊಟ್ಟೆಯ ಚರ್ಮ ಚಿವುಟಿ ನೋಡಿದ, ಕೇಂದ್ರದ ಕಾರ್ಡು ಬಿಡಿಸಿದ.

"ಮಗು ಮೊದಲಿಂದಲೂ ಇಷ್ಟೇ ಇದೆಯಲ್ಲಮ್ಮ. ನಾಲ್ಕು ತಿಂಗಳಿಂದ ಇಳಿದಿಲ್ಲ. ಹೊಟ್ಟೆ ಕೆಟ್ಟಿದೆ, ಅದಕ್ಕೆ ಉಪ್ಪು-ಸಕ್ಕರೆ ಪುಡಿ ಬರೀತೀನಿ, ನೀರಲ್ಲಿ ಕದಡಿ ಕುಡಿಸಿ. ನನ್ನ ಹತ್ರ ಇರೋದು ನಾಲ್ಕು ಹಾಸಿಗೆ. ಇಳೀತಾ ಇರೋ ಮಕ್ಕಳು ಹನ್ನೊಂದು ಕಾಯ್ತಿದಾವೆ. ಸೋಮವಾರ ಬನ್ನಿ."

ಇಸ್ತ್ರಿಯವಳು ಮಗುವನ್ನು ಎತ್ತಿಕೊಳ್ಳಲು ಬಗ್ಗಿದಳು. ಸೋಮವಾರಕ್ಕೆ ಇನ್ನೂ ನಾಲ್ಕು ದಿನ. ಅತ್ತೆ ಮೇಜಿನ ಮೇಲಿನ ಕಾರ್ಡಿನ ಮೇಲೆ ಅಂಗೈ ಊರಿದಳು.

"ಈ ಕಾರ್ಡು ಸುಳ್ಳು ಡಾಕ್ಟ್ರೇ. ನಾಲ್ಕು ತಿಂಗಳ ಹಿಂದೆ ಒಂಬತ್ತೂಕಾಲು ಇತ್ತು. ಮುಕ್ಕಾಲು ಕಿಲೋ ಇಳಿದಿದೆ. ಸುಳ್ಳು ಬರೆದೋಳು ನಾನು."

ಇಸ್ತ್ರಿಯವಳು ತಿರುಗಿ ನೋಡಿದಳು. ಪೊಟ್ಟಣ ಯಾಕೆ ನಿಂತಿತೆಂದು ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆ ನೋಟವನ್ನು ತೂಗುವ ತಕ್ಕಡಿ ಅತ್ತೆಯ ತೋಳಿನಲ್ಲಿರಲಿಲ್ಲ.

"ಬಾಯಿಮಾತು ನಡೆಯಲ್ಲ," ಎಂದ ಡಾಕ್ಟರು. "ಒಂದು ಮಗೂನ ಹಿಂದೆ ಹಾಕಿ ಇದನ್ನ ಒಳಗೆ ತಗೋಬೇಕು. ಬರೆದು ಸಹಿ ಮಾಡಿ ಕೊಡ್ತೀರಾ? ಕೆಲಸ ಹೋಗುತ್ತೆ, ಗೊತ್ತಿರಲಿ."

"ಪೆನ್ನು ಕೊಡಿ."

ಅತ್ತೆ ಬರೆದಳು. ಸಾಸಿವೆಯ ಹೆಸರಿನ ಕೆಳಗೆ ಉಳಿದ ಇಪ್ಪತ್ತೆರಡು ಹೆಸರನ್ನೂ, ಪುಡಿ ನಿಂತ ದಿನದ ಅವರ ನಿಜವಾದ ತೂಕವನ್ನೂ ನೆನಪಿನಿಂದಲೇ ಬರೆದಳು. ಅವರೂ ಇಳಿಯುತ್ತಿದ್ದರು, ಅವರ ಕಾರ್ಡುಗಳೂ ಸ್ಥಿರವಾಗಿದ್ದವು. ಇಪ್ಪತ್ತಮೂರು ಮಕ್ಕಳು, ನಾಲ್ಕು ಹಾಸಿಗೆ. ಬರೆಯುತ್ತಿರುವಾಗಲೇ ಅವಳಿಗೆ ಅದು ಹೊಳೆದಿತ್ತು. ಮೇಡಂ ವಿಷಯ ಬರೆಯಲಿಲ್ಲ. ಸಹಿ ಹಾಕುವಾಗ ಪಿಂಚಣಿಗೆ ಮೂರು ತಿಂಗಳು ಬಾಕಿಯಿತ್ತು.

ಸಾಸಿವೆಯನ್ನು ಒಳಗೆ ಒಯ್ದು ಮೂಗಿಗೆ ನಳಿಕೆ ಹಾಕಿದರು. ಹಿಂದೆ ಬಿದ್ದ ಮಗುವಿನ ತಾಯಿ ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದಳು. ಅತ್ತೆ ಆ ಕಡೆ ನೋಡಲಿಲ್ಲ. ಸಂಜೆಯ ಹೊತ್ತಿಗೆ ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ.

"ಈಗಲೇ ಏನೂ ಹೇಳೋಕಾಗಲ್ಲ. ಮೂರು ದಿನ ದಾಟಬೇಕು. ದಾಟಿದ್ರೆ ಹದಿನೈದು ದಿನ ಇಟ್ಕೊಂಡು, ತೂಕ ಏರಿಸಿ ಮನೆಗೆ ಕಳಿಸ್ತೀವಿ." ಚೀಟಿ ಹರಿದು ಅತ್ತೆಯ ಕೈಗಿಟ್ಟ. "ಆಮೇಲಿನದು ನಿಮ್ಮ ಜವಾಬ್ದಾರಿ. ಎಲ್ಲ ಬರೆದಿದೀನಿ, ದಿನಾ ಹಾಲು, ಮೊಟ್ಟೆ, ಬೇಳೆ, ಹಣ್ಣು. ತಪ್ಪಿಸಬಾರದು."

ಅತ್ತೆ ಚೀಟಿಯನ್ನು ದೂರ ಹಿಡಿದು, ತುಟಿ ಆಡಿಸುತ್ತಾ ಪೂರ್ತಿ ಓದಿದಳು. ಓದಿ ಅದನ್ನು ಅವನ ಕೈಗೇ ವಾಪಸು ಕೊಟ್ಟಳು.

"ಚೆನ್ನಾಗಿ ಬರೆದಿದೀರಿ ಡಾಕ್ಟ್ರೇ. ಇವೆಲ್ಲ ಯಾರ ಮನೇಲಿ ಸಿಗ್ತವೆ ಅಂತ ಕೆಳಗೆ ವಿಳಾಸಾನೂ ಬರೆದುಬಿಡಿ, ಮಗೂನ ನೇರ ಅಲ್ಲಿಗೇ ಕಳಿಸೋಣ."